ಕಾಫಿ ಯಂತ್ರವೂ ಪ್ರಮತ್ತಯೋಗವೂ

ಶ್ರಾವಕನ ಮನೆಯ ಅಡುಗೆಕೋಣೆಗೆ ಅದರದೇ ಆದ ಮರ್ಯಾದೆಯುಂಟು. ಸೋಸದ ನೀರು ಅಲ್ಲಿ ಪಾತ್ರೆಗೆ ಇಳಿಯುವುದಿಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದುದನ್ನು ಮೋರಿಗೆ ಹಿಂಡದೆ ಬಂದ ಜಲಕ್ಕೇ ಹಿಂದಿರುಗಿಸುವ ಹಿರಿಯರು ಇಂದಿಗೂ ಇದ್ದಾರೆ. ಕಾಳನ್ನು ಆರಿಸದೆ, ಹಿಟ್ಟನ್ನು ಜರಡಿ ಹಿಡಿಯದೆ, ಒಲೆಯ ಸುತ್ತ ಇರುವೆ ಹರಿದಿದೆಯೇ ಎಂದು ಬಗ್ಗಿ ನೋಡದೆ ಬೆಂಕಿ ಹೊತ್ತಿಸುವುದಿಲ್ಲ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗದಿರಲೆಂಬ ಈ ಎಚ್ಚರವನ್ನು ಕಂಡು ಅನ್ಯಮತೀಯರೂ ತಲೆದೂಗಿದ್ದಾರೆ. ಅದೇ ಅಡುಗೆಕಟ್ಟೆಯ ಮೂಲೆಯಲ್ಲಿ ಇಂದು ಒಂದು ಕಾಫಿ ಯಂತ್ರ ಕುಳಿತಿದೆ. ಅದರ ಮೂರು ಕಾಲಿನ ಪಿನ್ನಿನಲ್ಲಿ ದಪ್ಪನೆಯ ಮೂರನೆಯ ಕಾಲನ್ನು ಮುರಿದುಹಾಕಿ, ಉಳಿದೆರಡನ್ನು ಹಳೆಯ ಬೋರ್ಡಿನ ಎರಡು ತೂತುಗಳಿಗೆ ತುರುಕಲಾಗಿದೆ. ಹಿಟ್ಟಿನಲ್ಲಿ ಹುಳುವನ್ನು ಹುಡುಕುವ ಕಣ್ಣು ಆ ಪಿನ್ನಿನ ಮೇಲೆ ಬೀಳುವುದಿಲ್ಲ.

ಡೋಣಿ ತೀರದ ಸಾರವಾಡವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬಬಲೇಶ್ವರ, ತಿಕೋಟಾ, ವಿಜಯಪುರದ ಈ ಸೀಮೆ ಮೂಲತಃ ಚಹಾದ ಸೀಮೆ. ಬೆಳಗಿನ ಜೋಳದ ರೊಟ್ಟಿಗೆ ಮುಂಚೆ ಚಹಾ, ಬೀಗರು ಬಂದರೆ ಚಹಾ, ಬೀಳ್ಕೊಡುವಾಗಲೂ ಚಹಾ. ಕಾಫಿ ಯಂತ್ರ ಇಲ್ಲಿಗೆ ಬಂದದ್ದು ಬೆಂಗಳೂರು, ಪುಣೆಗಳಿಗೆ ಉದ್ಯೋಗಕ್ಕೆ ಹೋದ ಮಕ್ಕಳ ಕೈಯಲ್ಲಿ, ಹಬ್ಬದ ಉಡುಗೊರೆಯಾಗಿ. ಅದು ಬಂದಿಳಿಯುವ ಮನೆ ಮಾತ್ರ ಹಳೆಯದು. ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಾಲ್ಕು ಬಲ್ಬು ಒಂದು ಫ್ಯಾನಿಗೆಂದು ಎಂದೋ ಮರದ ಪಟ್ಟಿಯ ಮೇಲೆ ಎಳೆದ ವಾಯರು. ಆ ವಾಯರಿನ ಮೇಲೆ ಈಗ ಮಿಕ್ಸರು, ಫ್ರಿಜ್ಜು, ನೀರು ಕಾಯಿಸುವ ಕಾಯಿಲು ಮತ್ತು ಕೊನೆಯವನಾಗಿ ಬಂದ ಈ ಅತಿಥಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಹಳ ಮನೆಗಳಲ್ಲಿ ಬಿಲ್ಲಿನ ಭಯವೂ ತೊಲಗಿತು. ಬಿಲ್ಲು ಹೆಚ್ಚು ಬಂದಾಗಲಾದರೂ ವಾಯರ್‌ಮನ್‌ನನ್ನು ಕರೆಸುವ ವಾಡಿಕೆಯಿತ್ತು.

ಹೊಸತರಲ್ಲಿ ಎಲ್ಲವೂ ಚೆಂದ. ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಪಾತ್ರೆ ತಿಕ್ಕಲು ಬಂದ ಹೆಣ್ಣುಮಗಳು ಒದ್ದೆ ಕೈಯಿಂದ ಯಂತ್ರದ ಲೋಹದ ಅಂಚನ್ನು ಒರೆಸುತ್ತಾಳೆ, ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. "ಯವ್ವಾ, ಇದು ಜುಮ್ಮ ಅಂತೈತ್ರಿ." ಒಳಗಿನಿಂದ ಬರುವ ಉತ್ತರ ಈ ಸೀಮೆಯ ಬಹುಪಾಲು ಮನೆಗಳಲ್ಲಿ ಒಂದೇ: "ಏನ ಆಗೂದಿಲ್ಲವಾ, ಚಪ್ಪಲಿ ಹಾಕ್ಕೊಂಡ ಮುಟ್ಟು."

ಈ ಉತ್ತರವನ್ನು ಧರ್ಮಶಾಸ್ತ್ರದ ಬೆಳಕಿನಲ್ಲಿ ನೋಡಬೇಕಾಗಿದೆ. ಆ ಮಾತನ್ನಾಡಿದ ಗೃಹಿಣಿ ದುಷ್ಟಳಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ಮಾಡುವವಳು, ಕಂದಮೂಲ ಮುಟ್ಟದವಳು. ಆದರೆ "ಜುಮ್ಮ ಅಂತೈತಿ" ಎಂಬ ಮಾತು ಕಿವಿಗೆ ಬಿದ್ದ ಕ್ಷಣದಿಂದ ಆಕೆಯೂ ಆಕೆಯ ಪತಿಯೂ ಅಜ್ಞಾನದ ಆಶ್ರಯವನ್ನು ಕಳೆದುಕೊಂಡರು. ಅಡಗಿದ್ದ ದೋಷ ತಾನಾಗಿಯೇ ಬಾಯಿಬಿಟ್ಟು ಹೇಳಿದೆ. ಆ ಮೇಲೂ ಯಂತ್ರವನ್ನು ಅದೇ ಕಟ್ಟೆಯ ಮೇಲೆ ಅದೇ ಬೋರ್ಡಿಗೆ ಚುಚ್ಚಿಟ್ಟವನು ತನ್ನ ಅಹಿಂಸಾಣುವ್ರತವನ್ನು ಅಂದೇ ಮುರಿದಿದ್ದಾನೆ, ಯಾರೂ ಸಾಯದಿದ್ದರೂ.

ಇದು ಅತಿಯಾದ ಮಾತೆಂದು ತೋರುವವರು ಪೂರ್ವಾಚಾರ್ಯರ ಗ್ರಂಥಗಳನ್ನು ತೆರೆಯಲಿ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಇಟ್ಟ ಪದ ಪ್ರಮತ್ತಯೋಗ. ಅಂದರೆ ಪ್ರಮಾದದಿಂದ ಕೂಡಿದ ಮನ-ವಚನ-ಕಾಯಗಳ ವ್ಯಾಪಾರ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗುತ್ತಾರೆ: ಎದುರಿನ ಜೀವ ಉಳಿಯಲಿ, ಅಳಿಯಲಿ, ಯತ್ನವಿಲ್ಲದೆ ನಡೆದುಕೊಂಡವನಿಗೆ ಹಿಂಸೆ ನಿಶ್ಚಿತವೆಂಬುದು ಅಲ್ಲಿಯ ಅಭಿಪ್ರಾಯ. ಯತ್ನಾಚಾರಿಯಾದವನಿಂದ ಅಕಸ್ಮಾತ್ ಜೀವಘಾತವಾದರೂ ಅಷ್ಟರಿಂದಲೇ ಅವನಿಗೆ ಬಂಧವಿಲ್ಲ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವೂ ಇದೇ ತಕ್ಕಡಿಯಲ್ಲಿ ತೂಗುತ್ತದೆ. ಹೀಗಿರುವಾಗ "ಇಷ್ಟು ದಿನ ಏನೂ ಆಗಿಲ್ಲವಲ್ಲ" ಎಂಬ ಸಮಾಧಾನಕ್ಕೆ ಜೈನಶಾಸ್ತ್ರದಲ್ಲಿ ಸ್ಥಾನವೆಲ್ಲಿದೆ? ಅದು ಲೆಕ್ಕ ತಪ್ಪಿಸುವ ವ್ಯಾಪಾರಿಯ ಸಮಾಧಾನ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ನಾಲ್ಕನೆಯದು ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿ ನಡೆದುಕೊಳ್ಳುವ ಆದಾನನಿಕ್ಷೇಪಣ ಸಮಿತಿ. ಪಿಂಛಿ ಕಮಂಡಲುಗಳನ್ನಷ್ಟೇ ಇಟ್ಟುಕೊಂಡವರಿಗೆ ಅಷ್ಟು ಎಚ್ಚರವನ್ನು ಹೇಳಿದ ಧರ್ಮವು, ಸಾವಿರ ವಾಟಿನ ಯಂತ್ರವನ್ನು ನೀರಿನ ಪಕ್ಕದಲ್ಲಿಡುವ ಗೃಹಸ್ಥನಿಗೆ ಅದರ ಅಲ್ಪಾಂಶವನ್ನಾದರೂ ಹೇಳದಿರುತ್ತದೆಯೇ?

ಆ ಜುಮ್ಮೆನ್ನುವಿಕೆ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯದೆ ಎಚ್ಚರಿಕೆಯ ಮಾತಾಡುವುದು ವ್ಯರ್ಥ. ಕಾಫಿ ಯಂತ್ರದ ಹೃದಯವೆಂದರೆ ಅದರ ಕಾಯಿಲು. ಲೋಹದ ಸಣ್ಣ ಕೊಳವೆಯೊಳಗೆ ಕಾಯುವ ತಂತಿಯ ಸುರುಳಿಯಿದ್ದು, ಸುರುಳಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಪುಡಿಯನ್ನು ಗಟ್ಟಿಯಾಗಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ಹೊರಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಆದರೆ ಅದಕ್ಕೆ ತೇವವನ್ನು ಹೀರುವ ಸ್ವಭಾವವೂ ಇದೆ. ಕೊಳವೆಯ ತುದಿಯ ಮುದ್ರೆ ಸಡಿಲವಾದರೆ, ಅಥವಾ ಕೊಳವೆಯಲ್ಲಿ ಕೂದಲೆಳೆಯ ಬಿರುಕು ಮೂಡಿದರೆ, ತೇವ ಒಳನುಗ್ಗಿ ವಿದ್ಯುತ್ತಿಗೆ ದಾರಿಯಾಗುತ್ತದೆ. ಯಂತ್ರ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಕಾಫಿಯ ರುಚಿಯಲ್ಲಿ ವ್ಯತ್ಯಾಸವಿಲ್ಲ, ದೀಪ ಉರಿಯುತ್ತದೆ. ಲೋಹದ ಮೈಗೆ ಮಾತ್ರ ವಿದ್ಯುತ್ತು ಹರಿದುಬಂದು ಮುಟ್ಟುವವರನ್ನು ಕಾಯುತ್ತ ನಿಂತಿರುತ್ತದೆ.

ಸಾರವಾಡದ ಸೀಮೆಯಲ್ಲಿ ಈ ಅಪಾಯ ಇಮ್ಮಡಿ. ಡೋಣಿಯ ನೀರು ಸವಳೆಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ಎಷ್ಟೋ ಬೋರುಗಳ ನೀರೂ ಹಾಗೆಯೇ. ಅಂಥ ನೀರು ಕಾದಾಗ ಸುಣ್ಣದಂಥ ಬಿಳಿಯ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಶಾಖ ನೀರಿಗೆ ಹೋಗದೆ ಕೊಳವೆಯಲ್ಲೇ ಉಳಿದು ಲೋಹ ಅತಿಯಾಗಿ ಕಾಯುತ್ತದೆ, ಉಪ್ಪು ಅದನ್ನು ತಿನ್ನುತ್ತದೆ. ಪಂಪಿನಿಂದ ಒತ್ತಡ ಕೊಟ್ಟು ಕಾಫಿ ಇಳಿಸುವ ದುಬಾರಿ ಯಂತ್ರಗಳಲ್ಲಿ ರಬ್ಬರಿನ ಮುದ್ರೆಗಳು ಶಾಖಕ್ಕೆ ಬಿರುಸಾಗಿ, ಒಳಗೊಳಗೇ ನೀರು ತೊಟ್ಟಿಕ್ಕಿ ತಂತಿಗಳ ಮೇಲೆ ಬೀಳುವುದುಂಟು. ಹೊರಗೆ ಒಂದು ಹನಿಯೂ ಕಾಣದು.

ಹೀಗೆ ಮೈಗೆ ಬಂದ ವಿದ್ಯುತ್ತನ್ನು ಭೂಮಿಗೆ ಇಳಿಸುವುದಕ್ಕಾಗಿಯೇ ಆ ದಪ್ಪನೆಯ ಮೂರನೆಯ ಕಾಲು ಇರುವುದು. ಅದನ್ನೇ ಮುರಿದವರ ವಿಷಯ ಹೇಳಬೇಕಾಗಿಲ್ಲ. ಮೂರು ತೂತಿನ ಬೋರ್ಡು ಹಾಕಿಸಿ ನಿಶ್ಚಿಂತರಾದವರ ವಿಷಯ ಇನ್ನಷ್ಟು ಶೋಚನೀಯ. ಎಷ್ಟೋ ಮನೆಗಳಲ್ಲಿ ಆ ಮೇಲಿನ ತೂತಿನ ಹಿಂದೆ ತಂತಿಯೇ ಇಲ್ಲ. ಇನ್ನು ಕೆಲವೆಡೆ ಅವಸರದ ಕೆಲಸಗಾರ ಬೋರ್ಡಿನೊಳಗೇ ಅರ್ಥಿಂಗಿನ ತೂತನ್ನು ನ್ಯೂಟ್ರಲ್ಲಿಗೆ ಒಂದು ತುಂಡು ತಂತಿಯಿಂದ ಜೋಡಿಸಿ ಹೋಗಿರುತ್ತಾನೆ. ಮೇಲ್ನೋಟಕ್ಕೆ ಎಲ್ಲವೂ ಸರಿ. ಮಳೆಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದ ದಿನ ಅದೇ ತುಂಡು ತಂತಿಯ ಮೂಲಕ 230 ವೋಲ್ಟು ಯಂತ್ರದ ಮೈಗೆ ಬಂದು ನಿಲ್ಲುತ್ತದೆ. ಅಂದು ಯಂತ್ರದಲ್ಲಿ ಯಾವ ದೋಷವೂ ಇರಬೇಕಾಗಿಲ್ಲ.

ಸರಿಯಾದ ತಂತಿ ಎಳೆದು, ಅಂಗಳದಲ್ಲಿ ಗುಂಡಿ ತೋಡಿ ಅರ್ಥಿಂಗ್ ಮಾಡಿಸಿದವರೂ ಇದ್ದಾರೆ, ಅವರು ಸ್ತುತ್ಯರು. ಆದರೆ ಎರೆಮಣ್ಣಿನ ಗುಣವನ್ನು ಅವರು ಮರೆಯುತ್ತಾರೆ. ಹಸಿಯಿರುವಾಗ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಚೈತ್ರ-ವೈಶಾಖಗಳಲ್ಲಿ ಅದೇ ಮಣ್ಣು ಒಣಗಿ, ಕುಗ್ಗಿ, ಕೈ ತೂರುವಷ್ಟು ಬಿರಿಯುತ್ತದೆ. ಹೊಲದಲ್ಲಿ ಕಾಣುವ ಆ ಬಿರುಕೇ ಗುಂಡಿಯೊಳಗಿನ ಕೊಳವೆಯ ಸುತ್ತಲೂ ಆಗುತ್ತದೆ. ಮಣ್ಣು ಕೊಳವೆಯನ್ನು ಬಿಟ್ಟು ನಿಲ್ಲುತ್ತದೆ. ಐದಾರು ವರ್ಷದ ಹಿಂದೆ ತೋಡಿಸಿ, ಮೇಲೆ ಫರ್ಶಿ ಹಾಸಿ ಮುಚ್ಚಿದ ಗುಂಡಿಗೆ ಯಾರು ನೀರು ಹಾಕಿದ್ದಾರೆ? ಕೊಳವೆಗೆ ತಂತಿಯನ್ನು ಬಿಗಿದ ನಟ್ಟು-ಬೋಲ್ಟು ತುಕ್ಕು ಹಿಡಿದಿದೆಯೇ ಎಂದು ಯಾರು ನೋಡಿದ್ದಾರೆ? ಭಾರತೀಯ ಮಾನಕ ಸಂಸ್ಥೆ ಅರ್ಥಿಂಗಿಗಾಗಿಯೇ ಐ.ಎಸ್. 3043 ಎಂಬ ಸಂಹಿತೆಯನ್ನು ಪ್ರಕಟಿಸಿದೆ. ಅದನ್ನು ಓದುವ ಶ್ರಮ ಗೃಹಸ್ಥನಿಗೆ ಬೇಡ. ಬೇಸಿಗೆಯಲ್ಲೊಮ್ಮೆ, ಮಣ್ಣು ಅತ್ಯಂತ ಒಣಗಿರುವಾಗ, ಮೀಟರು ಬಲ್ಲವನಿಂದ ಅಳೆಯಿಸಿದರೆ ಸಾಕು. ಮಳೆಗಾಲದಲ್ಲಿ ಅಳೆಯಿಸಿ ತೃಪ್ತಿಪಡುವುದು ಹಬ್ಬದ ದಿನ ಊಟ ನೋಡಿ ಮನೆತನದ ಸ್ಥಿತಿ ತಿಳಿದಂತೆ.

ಟೆಸ್ಟರಿನ ಮೇಲೂ ಅತಿಯಾದ ನಂಬಿಕೆ ಬೇಡ. ಬೆರಳಿಟ್ಟು ದೀಪ ಹತ್ತಿಸುವ ಆ ಕಡ್ಡಿ ಫೇಸ್ ಇದೆಯೆಂದಷ್ಟೇ ಹೇಳುತ್ತದೆ. ಅರ್ಥಿಂಗ್ ತಂತಿ ನೆಲ ಮುಟ್ಟಿದೆಯೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದ ಬೋರ್ಡಿನಲ್ಲಿ ಇನ್ನೊಂದು ಮೋಸವಿದೆ. ಯಂತ್ರದ ಗುಂಡಿ ಒಂದೇ ತಂತಿಯನ್ನು ಕಡಿಯುವಂಥದಾಗಿದ್ದರೆ, ಅದು ನ್ಯೂಟ್ರಲ್ಲನ್ನು ಕಡಿಯುತ್ತದೆ. ದೀಪ ಆರುತ್ತದೆ, ನೀರು ತಣ್ಣಗಾಗುತ್ತದೆ; ಒಳಗಿನ ಕಾಯಿಲು ಮಾತ್ರ ಫೇಸಿಗೆ ಅಂಟಿಕೊಂಡೇ ಇರುತ್ತದೆ. ಆರಿಸಿದೆನೆಂದು ನಂಬಿ ಒದ್ದೆ ಬಟ್ಟೆಯಿಂದ ಒರೆಸುವವರು ಮನೆಯ ಸೊಸೆಯೋ ಕೆಲಸದಾಕೆಯೋ ಆಗಿರುತ್ತಾರೆ. ಯಜಮಾನ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿರುತ್ತಾನೆ. ಸೂರ್ಯಾಸ್ತವಾದ ಮೇಲೆ ನೀರನ್ನೂ ಮುಟ್ಟದ ಮನೆಗಳಲ್ಲಿ ಯಂತ್ರವು ರಾತ್ರಿಯಿಡೀ ಬೋರ್ಡಿಗೆ ಕಚ್ಚಿಕೊಂಡಿರುವುದನ್ನು ಕಂಡಾಗ ನಗುವುದೋ ಅಳುವುದೋ ತಿಳಿಯದು.

ರಿಪೇರಿಯ ಹೆಸರಿನಲ್ಲಿ ನಡೆಯುವ ಅನರ್ಥವೂ ಸಣ್ಣದಲ್ಲ. ಯಂತ್ರದ ತಳದಲ್ಲಿ ಕಾಯಿಲಿಗೆ ಒತ್ತಿಕೊಂಡು ಬೆರಳುದ್ದಕ್ಕಿಂತ ಚಿಕ್ಕದಾದ ಶಾಖದ ಫ್ಯೂಸ್ ಒಂದಿರುತ್ತದೆ. ಶಾಖ ಮಿತಿ ಮೀರಿದರೆ ಅದು ತನ್ನನ್ನು ತಾನು ಸುಟ್ಟುಕೊಂಡು ವಿದ್ಯುತ್ತನ್ನು ಕಡಿಯುತ್ತದೆ; ಮತ್ತೆ ಕೂಡುವುದಿಲ್ಲ. ಹಾಗೆ ಯಂತ್ರ ನಿಂತಾಗ ಅಂಗಡಿಗೆ ಒಯ್ದರೆ, ಬದಲಿ ಫ್ಯೂಸ್ ಸಿಗದ ರಿಪೇರಿಯವನು ಅದನ್ನು ಕಿತ್ತು ಎರಡು ತುದಿಗಳನ್ನು ನೇರವಾಗಿ ಹೆಣೆದುಬಿಡುತ್ತಾನೆ. ಯಂತ್ರ ನಡೆಯುತ್ತದೆ, ಕೂಲಿಯೂ ಅಗ್ಗ. ಗಿರಾಕಿಗೆ ಸಂತೋಷ. ಇನ್ನು ಮುಂದೆ ಶಾಖ ನಿಯಂತ್ರಕ ಕೆಟ್ಟರೆ ತಡೆಯುವವರು ಯಾರೂ ಇಲ್ಲ. ನೀರಿಲ್ಲದ ಕಾಯಿಲು ಪ್ಲಾಸ್ಟಿಕ್ಕನ್ನು ಕರಗಿಸಿ ಹೊತ್ತಿಸುವವರೆಗೆ ಕಾಯುತ್ತಲೇ ಹೋಗುತ್ತದೆ. ಅಮೆರಿಕದಿಂದ ಮಕ್ಕಳು ಹೊತ್ತು ತಂದ ಯಂತ್ರಗಳ ಕಥೆ ಬೇರೆ. ಅಲ್ಲಿಯದು 120 ವೋಲ್ಟು. ಬರಿಯ ಪಿನ್ನನ್ನು ಬದಲಿಸಿ ಅದನ್ನು ಇಲ್ಲಿಯ 230 ವೋಲ್ಟಿಗೆ ಚುಚ್ಚಿದರೆ ಕಾಯಿಲು ಮೂರೂವರೆ ಪಟ್ಟಿಗಿಂತ ಹೆಚ್ಚಿನ ಶಾಖ ಕಾರುತ್ತದೆ.

ಇಷ್ಟೆಲ್ಲ ಹೇಳಿದಾಗ ಬರುವ ಮೊದಲ ಉತ್ತರ, "ನಮ್ಮಲ್ಲಿ ಎಂ.ಸಿ.ಬಿ. ಇದೆ" ಎಂಬುದು. ಎಂ.ಸಿ.ಬಿ. ವಾಯರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಮೈಯಲ್ಲಿ ಒಂದು ಮಿಲಿಆಂಪಿಯರಿನಷ್ಟು ಹರಿದರೆ ಜುಮ್ಮೆನ್ನುತ್ತದೆ. ಹತ್ತರ ಆಸುಪಾಸಿನಲ್ಲಿ ಸ್ನಾಯುಗಳು ಹಿಡಿದುಕೊಂಡು ಕೈ ಬಿಡಿಸಿಕೊಳ್ಳಲಾಗದು. ಐವತ್ತು, ನೂರಕ್ಕೆ ಹೃದಯದ ತಾಳ ತಪ್ಪುತ್ತದೆ. ಆರು ಆಂಪಿಯರಿನ ಎಂ.ಸಿ.ಬಿ. ಎಚ್ಚರಗೊಳ್ಳಬೇಕಾದರೆ ಆರು ಸಾವಿರ ಮಿಲಿಆಂಪಿಯರನ್ನು ಮೀರಬೇಕು. ಮನುಷ್ಯನಿಗಾಗಿ ಇರುವುದು ಆರ್.ಸಿ.ಸಿ.ಬಿ.; ಹೋದ ವಿದ್ಯುತ್ತಿಗೂ ಹಿಂದಿರುಗಿದ ವಿದ್ಯುತ್ತಿಗೂ 30 ಮಿಲಿಆಂಪಿಯರಿನ ವ್ಯತ್ಯಾಸ ಕಂಡೊಡನೆ ಕ್ಷಣಾರ್ಧದಲ್ಲಿ ಕಡಿಯುವಂಥದು. ಅರ್ಥಿಂಗ್ ಸರಿಯಿದ್ದರೆ ಅದು ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಿದವನ ಮೈಯ ಮೂಲಕವೇ ದೋಷವನ್ನು ಅರಿಯಬೇಕಾಗುತ್ತದೆ. ಆದ್ದರಿಂದ ಎರಡೂ ಬೇಕು.

ಅದನ್ನು ಹಾಕಿಸಿದ ಮನೆಗಳಲ್ಲೂ ಒಂದು ವಿಚಿತ್ರ ನಡೆಯುತ್ತದೆ. ಕಾಫಿ ಯಂತ್ರ ಹಚ್ಚಿದಾಗಲೆಲ್ಲ ಅದು ಬೀಳತೊಡಗುತ್ತದೆ. ಮನೆಯವರಿಗೆ ಬೇಸರ. "ಇದರ ಕಾಟವೇ ಬೇಡ" ಎಂದು ಅದನ್ನೇ ತೆಗೆಸಿ ನೇರ ತಂತಿ ಜೋಡಿಸುತ್ತಾರೆ. ನಿಜ ಹೇಳಿದ ಸಾಕ್ಷಿಯನ್ನು ಊರಿನಿಂದ ಓಡಿಸಿ ಕಳ್ಳನಿಗೆ ಮನೆಯ ಬೀಗದ ಕೈ ಕೊಟ್ಟ ಹಾಗೆ. ಸತ್ಯಾಣುವ್ರತದ ಪಾಠವನ್ನು ಪಾಠಶಾಲೆಯ ಮಕ್ಕಳಿಗೆ ಕಲಿಸುವ ಮನೆಗಳಲ್ಲೇ ಇದು ನಡೆಯುತ್ತದೆ.

ಕಾನೂನು ಏನು ಹೇಳುತ್ತದೆಂದು ಕೇಳುವವರಿದ್ದಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಮನೆಬಳಕೆಯ ಸಂಪರ್ಕಗಳಿಗೆ 30 ಮಿಲಿಆಂಪಿಯರಿನ ರಕ್ಷಣೆಯನ್ನು ಹೇಳಿದ್ದವು. 2023ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದಿವೆ. ಸಣ್ಣ ಹೊರೆಯ ಸಂಪರ್ಕಗಳಿಗೆ ವಿನಾಯಿತಿಯ ದಾರಿಯೂ ಇತ್ತು. ಹಳ್ಳಿಯ ಮನೆ ದಾಖಲೆಯಲ್ಲಿ ಸಣ್ಣ ಹೊರೆಯದೇ; ಒಳಗೆ ಏನೇನು ಉರಿಯುತ್ತದೆಂಬುದು ಬೇರೆ. ಕಾಯಿದೆ ಕೊಟ್ಟ ವಿನಾಯಿತಿಯನ್ನು ವ್ರತವೂ ಕೊಟ್ಟಿದೆಯೆಂದು ಭಾವಿಸಿದರೆ, ರಾತ್ರಿಭೋಜನವನ್ನು ನಿಷೇಧಿಸುವ ಸರ್ಕಾರಿ ಆದೇಶವೂ ಇಲ್ಲವೆಂಬುದನ್ನು ನೆನಪಿಸಬೇಕಾಗುತ್ತದೆ.

ಇನ್ನು ಕರ್ಮದ ಮಾತು. "ಆಯುಷ್ಯಕರ್ಮ ತೀರಿದರೆ ಯಾವ ಸ್ವಿಚ್ಚು ತಡೆಯುತ್ತದೆ?" ಎಂದು ಹಿರಿಯರೊಬ್ಬರು ಕೇಳಿದರೆ ಸಭೆ ಮೌನವಾಗುತ್ತದೆ. ಮೌನವಾಗಬೇಕಾಗಿಲ್ಲ. ಸತ್ತವನ ಆಯುಷ್ಯಕರ್ಮದ ವಿಚಾರ ಸತ್ತವನಿಗೆ ಸಂಬಂಧಿಸಿದ್ದು. ಪ್ರಮಾದದಿಂದ ಅದಕ್ಕೆ ನಿಮಿತ್ತನಾದವನ ಆಸ್ರವದ ವಿಚಾರ ಅವನದೇ ಖಾತೆಯಲ್ಲಿ ಬರೆಯಲ್ಪಡುತ್ತದೆ. ಆ ವಾದವನ್ನು ಒಪ್ಪಿದರೆ ನೀರು ಸೋಸುವುದೂ ಅನಾವಶ್ಯಕ. ಸೋಸದ ನೀರಿನ ಜೀವಿಗಳ ಆಯುಷ್ಯವೂ ಅಂದೇ ತೀರಬೇಕಿತ್ತೆಂದು ಹೇಳಿಬಿಡಬಹುದು. ಹಾಗೆ ಹೇಳುವ ಜೈನನೊಬ್ಬನೂ ಇಲ್ಲ. ನೀರಿನ ಜೀವಿಗೆ ಒಂದು ನ್ಯಾಯ, ಪಾತ್ರೆ ತಿಕ್ಕುವ ಪಂಚೇಂದ್ರಿಯ ಜೀವಿಗೆ ಇನ್ನೊಂದು ನ್ಯಾಯವೇ?

ಮತ್ತೊಂದು ಪಕ್ಷ ಇದಕ್ಕಿಂತ ಗೌರವಾರ್ಹ: ಯಂತ್ರಗಳೇ ಬೇಡ, ಕಾಫಿಯೇ ಬೇಡ, ಭೋಗೋಪಭೋಗ ಪರಿಮಾಣ ಮಾಡಿಕೊಂಡರೆ ಸಾಕು ಎನ್ನುವವರದು. ಬಿಡಬಲ್ಲವರು ಬಿಡಲಿ, ಅದು ಉತ್ತಮ ಮಾರ್ಗ. ಆದರೆ ತ್ಯಾಗದ ಮಾತನ್ನು ಆಡುತ್ತ ಯಂತ್ರವನ್ನು ಮನೆಯಲ್ಲಿ ಉಳಿಸಿಕೊಂಡವರು ಎರಡೂ ದಡಗಳನ್ನು ಕಳೆದುಕೊಳ್ಳುತ್ತಾರೆ. ವಿದ್ಯುತ್ತು ಸಚಿತ್ತವೋ ಅಚಿತ್ತವೋ, ಅದು ತೇಜಸ್ಕಾಯವೋ ಬರಿಯ ಪುದ್ಗಲವೋ ಎಂಬ ಚರ್ಚೆ ಶ್ವೇತಾಂಬರ ಸಂಘಗಳಲ್ಲಿ ದೀರ್ಘಕಾಲ ನಡೆದಿದೆ. ಸ್ಥಾನಕವಾಸಿ ಸಂಘದಲ್ಲಿ ಧ್ವನಿವರ್ಧಕದ ಬಳಕೆಯೇ ದೊಡ್ಡ ವಿವಾದವಾಗಿತ್ತು. ತೇರಾಪಂಥದ ಆಚಾರ್ಯ ಮಹಾಪ್ರಜ್ಞರು ವಿದ್ಯುತ್ತು ಅಚಿತ್ತವೆಂಬ ಪಕ್ಷವನ್ನು ಪ್ರತಿಪಾದಿಸಿದರು. ಗಂಭೀರವಾದ ಚರ್ಚೆ, ಅದನ್ನು ಹಗುರಾಗಿ ಕಾಣುವುದು ಸಲ್ಲದು. ಆದರೆ ವಿದ್ಯುತ್ತಿನಲ್ಲಿ ಜೀವವಿದೆಯೇ ಎಂದು ತಲೆಮಾರುಗಳ ಕಾಲ ವಾದಿಸಿದ ಸಮಾಜವು, ಅದನ್ನು ಮುಟ್ಟಿದವರ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಒಂದು ದಿನವನ್ನೂ ಮೀಸಲಿಟ್ಟಂತೆ ಕಾಣುವುದಿಲ್ಲ.

ಉತ್ಪ್ರೇಕ್ಷೆಯೆನ್ನುವವರಿಗೆ ಕನ್ನಡ ನಾಡಿನದೇ ಒಂದು ಪ್ರಸಂಗ ಸಾಕು. 2023ರ ಆಗಸ್ಟ್ ಆರಂಭದಲ್ಲಿ ಕಾರವಾರ ತಾಲ್ಲೂಕಿನ ಸಿದ್ದರ ಗ್ರಾಮದಲ್ಲಿ ಎಂಟು ತಿಂಗಳ ಹಸುಳೆಯೊಂದು ಪ್ರಾಣ ಕಳೆದುಕೊಂಡಿತು. ಮೊಬೈಲು ತೆಗೆದುಕೊಂಡ ಮೇಲೆ ಚಾರ್ಜರಿನ ಸ್ವಿಚ್ಚನ್ನು ಆರಿಸದೆ ಬಿಡಲಾಗಿತ್ತು. ಜೋತಾಡುತ್ತಿದ್ದ ತುದಿಯನ್ನು ಮಗು ಬಾಯಿಗಿಟ್ಟಿತು. ಸರಿಯಾಗಿರುವ ಚಾರ್ಜರಿನ ತುದಿಯಲ್ಲಿ ಇರುವುದು ಸಾಮಾನ್ಯವಾಗಿ ಐದು ವೋಲ್ಟಿನ ಆಸುಪಾಸು. ಅದು ಯಾರನ್ನೂ ಕೊಲ್ಲುವಂಥದಲ್ಲ. ಒಳಗಿನ ರೋಧಕ ಕೆಟ್ಟಾಗ ಮಾತ್ರ ಗೋಡೆಯ ವಿದ್ಯುತ್ತು ತುದಿಯವರೆಗೆ ಬರುತ್ತದೆ, ಮತ್ತು ಹೊರಗಿನಿಂದ ನೋಡಿದವರಿಗೆ ಕೆಟ್ಟುದೂ ಒಳ್ಳೆಯದೂ ಒಂದೇ ಬಗೆಯಾಗಿ ಕಾಣುತ್ತವೆ. ದೇಶದಲ್ಲಿ 2019ರ ಒಂದೇ ವರ್ಷ ವಿದ್ಯುತ್ ಆಘಾತದಿಂದ ಸತ್ತವರು 13 ಸಾವಿರಕ್ಕೂ ಹೆಚ್ಚೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿ ಹೇಳುತ್ತದೆ.

ದೂರದ ಇನ್ನೊಂದು ಸಂಗತಿಯನ್ನೂ ಗಮನಿಸಬಹುದು. 2014ರ ಡಿಸೆಂಬರಿನಲ್ಲಿ ಕ್ಯೂರಿಗ್ ಎಂಬ ಅಮೆರಿಕದ ಕಂಪನಿ ತನ್ನ ಒಂದು ಬಗೆಯ ಮನೆಬಳಕೆಯ ಕಾಫಿ ಯಂತ್ರಗಳನ್ನು, ಆ ದೇಶವೊಂದರಲ್ಲೇ ಸುಮಾರು 66 ಲಕ್ಷವನ್ನು, ದೋಷವಿದೆಯೆಂದು ಸಾರಿ ದುರಸ್ತಿಗೆ ಕರೆಯಿತು. ಅಲ್ಲಿಯ ದೋಷ ವಿದ್ಯುತ್ತಿನದಲ್ಲ, ಅತಿಯಾಗಿ ಕಾದ ನೀರು ಚಿಮ್ಮುವುದು. ಸುಮಾರು 200 ದೂರುಗಳು, ಅವುಗಳಲ್ಲಿ ಸುಟ್ಟ ಗಾಯದವು 90. ಲಕ್ಷಾಂತರ ಅಡುಗೆಮನೆಗಳಲ್ಲಿ ವರ್ಷಗಟ್ಟಲೆ ಅಡಗಿದ್ದ ದೋಷ ಬೆಳಕಿಗೆ ಬಂದದ್ದು, ಸುಟ್ಟುಕೊಂಡವರ ಮಾತನ್ನು ಯಾರೋ ಒಬ್ಬರು ಬರೆದುಕೊಂಡದ್ದರಿಂದ. ಸಾರವಾಡದ ಅಡುಗೆಮನೆಯಲ್ಲಿ "ಜುಮ್ಮ ಅಂತೈತ್ರಿ" ಎಂದ ಹೆಣ್ಣುಮಗಳ ಮಾತನ್ನು ಯಾರು ಬರೆದುಕೊಂಡರು? ಅವಳಿಗೆ ಚಪ್ಪಲಿ ಹಾಕಿಕೊಳ್ಳಲು ಹೇಳಲಾಯಿತು. ಆ ಜುಮ್ಮೆನ್ನುವಿಕೆ ಕೆಲವೊಮ್ಮೆ ಯಂತ್ರ ಕೆಟ್ಟಿದ್ದರಿಂದಲ್ಲದೆ ಅರ್ಥಿಂಗ್ ಇಲ್ಲದ್ದರಿಂದಲೇ ಬರಬಹುದು. ಆಗ ಕೆಟ್ಟಿರುವುದು ಮನೆ. ಇಂದು ಕಾಫಿ ಯಂತ್ರ ಹೇಳಿದ್ದನ್ನು ನಾಳೆ ಫ್ರಿಜ್ಜು ಹೇಳುತ್ತದೆ.

ಬಸದಿಗಳ ಟ್ರಸ್ಟುಗಳ ಹೊಣೆ ಮನೆಗಳಿಗಿಂತ ಭಾರವಾದದ್ದು. ಚಾತುರ್ಮಾಸ್ಯದಲ್ಲಿ ಮುನಿಸಂಘ ನೆಲೆಸಿದಾಗ ದೂರದೂರದ ಶ್ರಾವಕರು ಬಂದು ಯಾತ್ರಿನಿವಾಸಗಳಲ್ಲಿ ಇಳಿಯುತ್ತಾರೆ. ಮುನಿಗಳ ಆಹಾರದ ಚೌಕದಲ್ಲಿ ಶುದ್ಧಿಗೆ ಎಷ್ಟು ನಿಷ್ಠೆ! ಅದರ ಹಿಂದಿನ ಕೋಣೆಯಲ್ಲಿ ಯಾತ್ರಿಕರಿಗೆಂದು ದಾನಿಯೊಬ್ಬರು ಕೊಟ್ಟ ಚಹಾ-ಕಾಫಿಯ ಯಂತ್ರ, ಬಕೆಟ್ಟಿನಲ್ಲಿ ಇಳಿಬಿಟ್ಟ ಕಾಯಿಲು, ಒಂದು ಬೋರ್ಡಿನಿಂದ ಐದು ಕಡೆಗೆ ಎಳೆದ ವಾಯರು. ಯಂತ್ರದ ಮೇಲೆ ದಾನಿಯ ಹೆಸರು ಹೊಳೆಯುತ್ತದೆ. ಅದನ್ನು ಯಾರು, ಯಾವಾಗ ಪರೀಕ್ಷಿಸಿದರೆಂಬ ಚೀಟಿ ಇಲ್ಲ. ಶಿಖರಕ್ಕೆ ಬಣ್ಣ, ನೆಲಕ್ಕೆ ಅಮೃತಶಿಲೆ, ಪಂಚಕಲ್ಯಾಣಕ್ಕೆ ಝಗಮಗಿಸುವ ದೀಪಮಾಲೆ ಇವಕ್ಕೆ ದಾನಿಗಳು ಸಾಲುಗಟ್ಟುತ್ತಾರೆ. ನೆಲದೊಳಗೆ ಹುಗಿಯುವ ಅರ್ಥಿಂಗಿನ ಕೊಳವೆಯ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಾದ್ದರಿಂದ ಅದಕ್ಕೆ ದಾನಿ ಸಿಗುವುದಿಲ್ಲ. ಟ್ರಸ್ಟಿನವರು ಒಂದು ದಿನದ ಅಲಂಕಾರದ ಹಣವನ್ನು ಉಳಿಸಿದರೆ ಇಡೀ ಯಾತ್ರಿನಿವಾಸಕ್ಕೆ ಆರ್.ಸಿ.ಸಿ.ಬಿ. ಬರುತ್ತದೆ. ಈ ಲೆಕ್ಕವನ್ನು ಮಹಾವೀರ ಜಯಂತಿಯ ಸಭೆಯಲ್ಲಿ ಯಾರಾದರೂ ಎದ್ದುನಿಂತು ಕೇಳಬೇಕು.

ದಾನದ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಜುಮ್ಮೆನ್ನುವ ಯಂತ್ರವನ್ನು ಕೊನೆಗೂ ಬದಲಿಸಲು ನಿರ್ಧರಿಸಿದ ಮನೆಯವರು ಹಳೆಯದನ್ನು ಏನು ಮಾಡುತ್ತಾರೆ? ದೀಪಾವಳಿಗೆ, ಭಗವಾನ್ ಮಹಾವೀರರ ನಿರ್ವಾಣದ ಪರ್ವದಂದೇ, ಪಾತ್ರೆ ತಿಕ್ಕುವ ಆ ಹೆಣ್ಣುಮಗಳಿಗೆ ಉಡುಗೊರೆಯಾಗಿ ಕೊಡುತ್ತಾರೆ. ಆಕೆ ಕೈಮುಗಿದು ಒಯ್ಯುತ್ತಾಳೆ. ತಗಡಿನ ಗೋಡೆಯ ಮನೆಯಲ್ಲಿ, ಅರ್ಥಿಂಗಿನ ಹೆಸರೂ ಇಲ್ಲದ ಬೋರ್ಡಿಗೆ ಅದನ್ನು ಹಚ್ಚುತ್ತಾಳೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಬಗೆಗಳನ್ನು ವಿವರಿಸುವಾಗ ಹಿಂಸಾದಾನವನ್ನು ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ಕೊಡಲಿ, ಖಡ್ಗ, ಗುದ್ದಲಿ, ಸಂಕೋಲೆಗಳ ಜೊತೆಗೆ ಬೆಂಕಿಯೂ ಅವರ ಪಟ್ಟಿಯಲ್ಲಿದೆ. ಎರಡನೆಯ ಕೈಗೆ ಹೋಗುವ ಕೆಟ್ಟ ಕಾಯಿಲನ್ನು ಆ ಪಟ್ಟಿಯಿಂದ ಹೊರಗಿಡಲು ಯಾವ ಪಂಡಿತರು ಮುಂದೆ ಬರುತ್ತಾರೆ? ಭಾದ್ರಪದದ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬೀಗರಿಗೂ ನೆಂಟರಿಗೂ ಕ್ಷಮೆ ಕೋರಿ ಪತ್ರ ಬರೆಯುವವರು, ಆ ಹೆಣ್ಣುಮಗಳ ಹೆಸರಿಗೆ ಒಂದು ಪತ್ರ ಬರೆಯಲಿ. ಅದಕ್ಕೂ ಮೊದಲು ಆಕೆಯ ಮನೆಯಿಂದ ಆ ಯಂತ್ರವನ್ನು ಹಿಂದಕ್ಕೆ ತರಲಿ.

ದುರಸ್ತಿಗೆ ನಿಲುಕದ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಅದರ ವಾಯರನ್ನು ಬೋರ್ಡಿನಿಂದ ಕಿತ್ತು, ಬುಡದಲ್ಲೇ ಕತ್ತರಿಸಬೇಕು. ಮತ್ತಾರೂ ಅದನ್ನು ಚುಚ್ಚಿ ನೋಡದಂತೆ. ಇನ್ನೂ ಬಳಕೆಯಲ್ಲಿರುವುದನ್ನು ತೊಳೆಯುವ, ನೀರು ತುಂಬುವ, ಒರೆಸುವ ಮೊದಲು ಸ್ವಿಚ್ಚು ಆರಿಸುವುದಷ್ಟೇ ಸಾಲದು, ಪಿನ್ನನ್ನೇ ಕೀಳಬೇಕು. ಮನೆಯ ಆರ್.ಸಿ.ಸಿ.ಬಿ.ಯ ಮೇಲೆ ಪರೀಕ್ಷೆಗೆಂದು ಸಣ್ಣ ಗುಂಡಿಯೊಂದಿರುತ್ತದೆ. ತಿಂಗಳಿಗೊಮ್ಮೆ ಚತುರ್ದಶಿಯ ಬೆಳಿಗ್ಗೆ, ಅಭಿಷೇಕಕ್ಕೆ ಹೊರಡುವ ಮೊದಲು, ಯಜಮಾನನು ತನ್ನ ಕೈಯಿಂದಲೇ ಅದನ್ನು ಒತ್ತಬೇಕು. ಒತ್ತಿದಾಗ ಅದು ಬೀಳದಿದ್ದರೆ, ಹೊಸದು ಬರುವವರೆಗೆ ಆ ಮನೆಯಲ್ಲಿ ಕಾಫಿ ಗ್ಯಾಸಿನ ಒಲೆಯ ಮೇಲೆ ಆಗಲಿ.